ಅರವತ್ತಮೂರರ ತಗ್ಗು

ಕೌಲ್ ಬಜಾರಿನ ನಮ್ಮ ಕೋಣೆ
ಒಂಬತ್ತು ಅಡಿ ಅಗಲ, ಹದಿನಾಲ್ಕು ಉದ್ದ,
ನಾಲ್ಕೂ ಕಡೆ ಕಲ್ಲು, ಮೇಲೆ ಕಡಪ ಬಂಡೆ.
ಇಲ್ಲಿ ಒಂದು ಚಮಚ ಬಿದ್ದರೆ
ಮೂರು ಚಮಚ ಬಿದ್ದಂತೆ.
ಮದ್ದಲೆಯ ಎಡಗೈ ಹೊಡೆತ ಮಾತ್ರ
ನನ್ನ ಕುರ್ಚಿಯ ತನಕ ಬಂದು
ಹೊಸ್ತಿಲು ದಾಟದ ಮುನಿದ ಬೀಗನಂತೆ
ನಿಂತೇಬಿಡುತ್ತಿತ್ತು.

ಆಂಪ್ಲಿಫೈಯರು ಗುಂತಕಲ್ಲಿನ ರೈಲ್ವೆ ಗಾರ್ಡೊಬ್ಬ ಮಾರಿದ್ದು,
ಸ್ಪೀಕರ್ ಜೋಡಿ ಎರಡು ದೀಪಾವಳಿಯ ಬೋನಸ್ಸು.
ಕೋಣೆಯನ್ನು ರಿಪೇರಿಗೆ ಎಲ್ಲಿ ಒಯ್ಯಲಿ?

ಶೇಕ್ಷಾವಲಿ ಬಂದ, ಚಹಾ ಕುಡಿದ, ಚಪ್ಪಾಳೆ ತಟ್ಟಿ ಕೇಳಿದ.
ತಾನೇ ಅಳೆದು ತಾನೇ ತಿದ್ದುವ ಪೆಟ್ಟಿಗೆ ಬಂದೈತೆ,
ಗುಂಡಿ ಒತ್ತಿ ಕಣ್ಣು ಮುಚ್ಚಿದರೆ ಸಾಕು,
ಬೆಲೆ ಕೇಳಿದರೆ ತಾವೇ ತೆರೀತಾವೆ.
ಇಲ್ಲಾ, ಕಂಪ್ಯೂಟರಿನಲ್ಲಿ ಇಡೀ ಕೋಣೆಯ ಅಚ್ಚು ತೆಗೆದು
ಹಾಡನ್ನು ಅದರ ಉಲ್ಟಾದಲ್ಲಿ ಅದ್ದಿ ತೆಗೀಬಹುದು,
ಭಾಳ ಚೆಂದ, ಆದರೆ ನಿನ್ನ ತಲೆ ಅಲುಗಬಾರದು.
ಅದೂ ಬ್ಯಾಡಾಂದ್ರೆ ಮೂರು ನಾಲ್ಕು ಫಿಲ್ಟರು, ಕೈಯಾರೆ,
ಪ್ಯಾಂಟಿನ ಸೊಂಟ ಹಿಡಿದಂಗೆ.

ನಾನು ಜೀನ್ಸಿನ ಕಟಿಂಗ್ ಮಾಸ್ಟರು.
ಸೊಂಟವೇ ಹಿಡಿಯೋಣ ಅಂದೆ.

ಮೇ ತಿಂಗಳು. ಫ್ಯಾನು ಬಂದ್, ಕೂಲರು ಬಂದ್, ಕಿಟಕಿ ಬಂದ್.
ಪೊರಕೆಯ ಹಿಡಿಕೆಗೆ ಕಟ್ಟಿದ ಕಡ್ಡಿ ಮೈಕು
ನನ್ನ ಕಿವಿಯ ಎತ್ತರಕ್ಕೆ, ನನ್ನ ಕುರ್ಚಿಯಲ್ಲಿ,
ನನಗಿಂತ ನೆಟ್ಟಗೆ ಕೂತಿತ್ತು.
ಗುಡುಗಿನಿಂದ ಸೊಳ್ಳೆಯ ತನಕ
ಒಂದೇ ಉಸಿರಿನಲ್ಲಿ ಏರಿತು ಕೂಗು.
ಓಣಿಯ ನಾಯಿ ಎದ್ದು ನಿಂತು ಉತ್ತರ ಕೊಟ್ಟಿತು.

ಪರದೆಯ ಮೇಲೆ ಗೆರೆ, ಸಂಡೂರಿನ ದಾರಿಯಂಥದು.
ನೂರಿಪ್ಪತ್ತಾರರಲ್ಲಿ ಗುಡ್ಡ,
ಅರವತ್ತಮೂರರಲ್ಲಿ ತಗ್ಗು.
ಗುಡ್ಡ ಕಡಿಯೋದನ್ನ ನಮ್ಮ ಜಿಲ್ಲೆಗೆ ಕಲಿಸಬೇಕೇ?
ಆರು ಡೆಸಿಬೆಲ್ ಕಡಿದೆವು, ಧೂಳೇಳಲಿಲ್ಲ.
ತಗ್ಗಿಗೆ ಆರು ಸುರಿದೆವು. ಹತ್ತು ಸುರಿದೆವು.
ಕೋನು ನಡುಗಿತು, ಆಂಪ್ಲಿಫೈಯರಿನ ಬೆನ್ನು ಕಾದಿತು,
ತಗ್ಗು ತಗ್ಗಾಗಿಯೇ ಇತ್ತು.

ಶೇಕ್ಷಾವಲಿ ನಕ್ಕ: ಸುರಿದಷ್ಟೂ ಗೋಡೆ ವಾಪಸ್ ಕಳಸ್ತದೆ,
ಹೋದದ್ದೂ ಬಂದದ್ದೂ ನಿನ್ನ ಕುರ್ಚಿ ಮೇಲೇ
ಒಂದನ್ನೊಂದು ನುಂಗ್ತಾವೆ.
ಫಿಲ್ಟರಿಗಲ್ಲ, ಕುರ್ಚಿಗೆ ಹೇಳು.

ಇಷ್ಟು ವರ್ಷ ನಟ್ಟನಡುವೆ ಕೂತವನು
ಒಂದು ಮೊಳ ಹಿಂದೆ ಸರಿದೆ.
ಅರ್ಧ ತುಂಬಿತು.
ಹಿಂದಿನ ಗೋಡೆಗೆ ಡೆನಿಮ್ ಚಿಂದಿ ತುಂಬಿದ
ಆರಿಂಚು ದಪ್ಪದ ಗಾದಿ ನೇತುಹಾಕಿದೆವು.
ಚಮಚ ಈಗ ಒಂದೇ ಸಲ ಬೀಳುತ್ತದೆ.

ಗೆರೆಯ ಮೇಲ್ತುದಿಯಲ್ಲಿ, ನಾಲ್ಕು ಸಾವಿರದ ಹತ್ತಿರ,
ಒಂದು ಮುಳ್ಳು.
ಇದನ್ನೂ ಕಡಿ ಅಂದೆ.
ಅದು ಕುಕ್ಕರಪ್ಪ, ಅಂದ ಅವನು.
ಒಳಗಿಂದ ಹೊನ್ನೂರಮ್ಮ:
ಕೂಗಿ ಕೂಗಿ ಸಾಕಾತು ಅದಕ್ಕೆ, ಕಿವಿ ಎಲ್ಲಿಟ್ಟಿದ್ರಿ?

ಓವರ್‌ಲಾಕ್ ಯಂತ್ರಗಳ ನಡುವೆ ಇಟ್ಟಿದ್ದೆ,
ಇಪ್ಪತ್ತೆರಡು ವರ್ಷ.

ಶೇಕ್ಷಾವಲಿ ಮಾತಾಡಲಿಲ್ಲ.
ಒಂದೊಂದೇ ಸ್ವರ ನುಡಿಸಿ, ಕೇಳಿದರೆ ಕೈ ಎತ್ತು ಅಂದ.
ಒಂದು ಕಡೆ ನನ್ನ ಕೈ ತೊಡೆಯ ಮೇಲೇ ಉಳಿಯಿತು,
ಅವರಿಬ್ಬರೂ ಕಿವಿ ಮುಚ್ಚಿಕೊಂಡಿದ್ದರು.
ಬಿಲ್ಲಿನ ಹಿಂಬದಿಯಲ್ಲಿ ನನ್ನ ಗೆರೆಯನ್ನೂ ಬರೆದ.
ಕೋಣೆಯದಕ್ಕಿಂತ ಆಳ.
ಯಾವ ಕುರ್ಚಿ ಸರಿಸಿದರೂ ತುಂಬದ್ದು.

ಇದಕ್ಕೂ ಫಿಲ್ಟರು ಐತೆ, ಅಂದ ಮೆಲ್ಲಗೆ,
ಆದರೆ ಪಕ್ಕದಲ್ಲಿ ಕೂತವರಿಗೆ ತಾಳ ಸೂಜಿಯಾಗ್ತದೆ.

ಕೋಣೆ ಒಂದು, ಕೂರುವವರು ಇಬ್ಬರು.
ಯಾರ ಅಳತೆಗೆ ಹೊಲಿಯಲಿ?
ಮುನ್ನೂರರ ಕೆಳಗಿನದು ಗೋಡೆಯ ತಪ್ಪು, ತಿದ್ದಾಯಿತು.
ಮೇಲಿನದು ಹಾಡಿದವರದು,
ಅಲ್ಲಿ ಕತ್ತರಿ ಬೇಡ ಅಂದೆ.

ಈಗ ಊಟವಾದ ಮೇಲೆ ಹೊನ್ನೂರಮ್ಮ
ಗಾದಿಗೊರಗಿ ಹುಣಸೆಬೀಜ ಬಿಡಿಸುತ್ತಾಳೆ.
ಮದ್ದಲೆಯ ಎಡಗೈ ಹೊಸ್ತಿಲು ದಾಟಿ ಒಳಬಂದು
ನೀರು ಕೇಳುವಷ್ಟು ಸಲಿಗೆಯಲ್ಲಿದೆ.
ಸಣ್ಣ ತಾಳ ಬಂದಾಗ ಅವಳ ಬೆರಳು
ಒಂದು ಚಣ ನಿಲ್ಲುತ್ತದೆ.
ಬಂತು ಅಂತ ನಾನು ತಿಳಿದುಕೊಳ್ಳುತ್ತೇನೆ.

ಮಾಳಿಗೆಯ ಮೇಲಿದ್ದಾಗ ಮಾತ್ರ, ಹಳೇ ಅಭ್ಯಾಸ,
ಕೂಗಿ ಕೇಳುತ್ತಾಳೆ: ಎಷ್ಟು ಸೀಟಿ ಆದವು?
ಮೂರು, ಅನ್ನುತ್ತೇನೆ ಅಂದಾಜಿಗೆ.
ಬೇಳೆ ಒಮ್ಮೊಮ್ಮೆ ಸೀಯುತ್ತದೆ.